ಮಕ್ಕಳಿಗೆ ತಾವೋ ಕಥೆ ಹೇಳುವುದು ಹೇಗೆ?

ತಾವೋ ಅಂದರೆ ಚೀನೀ ಮಾತಿನಲ್ಲಿ ದಾರಿ, ‘ದಾವ್’ ಅಂತಲೂ ಬರೆಯುತ್ತಾರೆ. ಚೀನಾದ ಈ ಹಳೆಯ ಚಿಂತನೆ ಏನು ಅಂತ ತಿಳಿಯಬೇಕು ಅನ್ನಿಸಿದವರು ಸಾಮಾನ್ಯವಾಗಿ ಮೊದಲು ಹುಡುಕುವುದು ಲಾವೋತ್ಸುವಿನ ‘ದಾವ್ ದ ಜಿಂಗ್’. ಪುಸ್ತಕ ಚಿಕ್ಕದೇ. 81 ಅಧ್ಯಾಯ, ಮೂಲದಲ್ಲಿ ಸುಮಾರು 5,000 ಅಕ್ಷರ, ಅಷ್ಟೇ. ಆದರೆ ಅದರ ಮೊದಲ ಸಾಲೇ ‘ಮಾತಿನಲ್ಲಿ ಹೇಳಬಹುದಾದ ದಾರಿ ಶಾಶ್ವತವಾದ ದಾರಿಯಲ್ಲ’ ಅನ್ನುತ್ತದೆ. ದೊಡ್ಡವರೇ ಅಲ್ಲಿ ತಡವರಿಸುತ್ತಾರೆ. ಎಂಟು ವರ್ಷದ ಮಗುವಿಗೆ ಇದನ್ನು ಓದಿ ಹೇಳಿದರೆ ಅದು ಎದ್ದು ಆಟಕ್ಕೆ ಹೋಗುತ್ತದೆ.

ಅದಕ್ಕೇ ಕಥೆಗಳಿಂದ ಶುರು ಮಾಡಿ. ಇವು ಆಮೇಲೆ ಯಾರೋ ಮಕ್ಕಳಿಗಾಗಿ ಕಟ್ಟಿದ ಕಥೆಗಳಲ್ಲ. ತಾವೋದ ಹಳೆಯ ಪುಸ್ತಕಗಳಲ್ಲೇ ಇರುವಂಥವು. ಚೀನಾದ ಮಕ್ಕಳು ಇವತ್ತಿಗೂ ಇವುಗಳಲ್ಲಿ ಎಷ್ಟೋ ಕಥೆಗಳನ್ನು ನಾಲ್ಕಕ್ಷರದ ನುಡಿಗಟ್ಟುಗಳ ಜೊತೆ ಕೇಳಿಯೇ ಬೆಳೆಯುತ್ತಾರೆ. ನಾನು ವರ್ಷಗಳಿಂದ ನಮ್ಮ ಬೀದಿಯ ಮಕ್ಕಳಿಗೆ ಈ ಕಥೆಗಳನ್ನು ಹೇಳುತ್ತಾ ಬಂದಿದ್ದೇನೆ. ತಾವೋ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಆ ಮಕ್ಕಳ ಪ್ರಶ್ನೆಗಳಿಂದ ಬಂದದ್ದು. ಅಪ್ಪ, ಅಮ್ಮ, ಅಜ್ಜಿ, ಮೇಷ್ಟ್ರು, ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದಾದ ರೀತಿಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೀವು ತಿಳಿದುಕೊಳ್ಳಿ

ಕಥೆ ಎಲ್ಲಿಂದ ಬಂತು ಅಂತ ಹೇಳುವವರಿಗೆ ಗೊತ್ತಿರಬೇಕು. ಮಕ್ಕಳು ಕೇಳಿಯೇ ಕೇಳುತ್ತಾರೆ. ಇಲ್ಲಿ ಬರುವ ಹೆಚ್ಚಿನ ಕಥೆಗಳು ಚುವಾಂಗ್‌ತ್ಸುವಿನ ಹೆಸರಿನಲ್ಲಿರುವ ಪುಸ್ತಕದವು. ಅದರಲ್ಲಿ 33 ಅಧ್ಯಾಯಗಳಿವೆ. ಮೊದಲ 7 ಅವನವೇ, ಉಳಿದವು ಅವನ ದಾರಿಯಲ್ಲಿ ನಡೆದವರು ಸೇರಿಸಿದವು ಅಂತ ಹೇಳುವುದು ರೂಢಿ. ಒಂದು ಕಥೆ ‘ಲಿಯೆತ್ಸು’ ಅನ್ನುವ ಪುಸ್ತಕದ್ದು. ಇನ್ನೊಂದು ‘ಹುವಾಯ್‌ನಾನ್‌ತ್ಸು’ವಿನದು. ಹುವಾಯ್‌ನಾನಿನ ದೊರೆ ಲಿಯು ಆನ್ ತನ್ನ ವಿದ್ವಾಂಸರಿಂದ ಬರೆಸಿ, ಕ್ರಿ.ಪೂ. 139ರಲ್ಲಿ ಚಕ್ರವರ್ತಿ ವೂಗೆ ಒಪ್ಪಿಸಿದ ಪುಸ್ತಕ ಅದು.

ಚುವಾಂಗ್‌ತ್ಸು ಬದುಕಿದ್ದು ಕ್ರಿ.ಪೂ. 4ನೇ ಶತಮಾನದಲ್ಲಿ. ಆಗ ಚೀನಾ ಒಂದೇ ದೇಶವಾಗಿರಲಿಲ್ಲ. ಏಳು ದೊಡ್ಡ ರಾಜ್ಯಗಳು, ಅವುಗಳ ನಡುವೆ ಸಿಕ್ಕಿಬಿದ್ದ ಸಣ್ಣ ಸಣ್ಣ ರಾಜ್ಯಗಳು, ಯಾವಾಗಲೂ ಯುದ್ಧ. ಇವನದು ಸುಂಗ್ ಅನ್ನುವ ಸಣ್ಣ ರಾಜ್ಯ. ಇತಿಹಾಸಕಾರ ಸಿಮಾ ಚಿಯೆನ್ ಬರೆದಿರುವ ಪ್ರಕಾರ, ‘ಮೆರುಗಿನ ಮರಗಳ ತೋಟ’ ಅಂತ ಕರೆಯುತ್ತಿದ್ದ ಕಡೆ ಇವನಿಗೆ ಒಂದು ಚಿಕ್ಕ ಸರ್ಕಾರಿ ಕೆಲಸ.

ಮಕ್ಕಳಿಗೆ ಇವನನ್ನು ಪರಿಚಯ ಮಾಡಿಸಲು ಆಮೆಯ ಕಥೆ ಸಾಕು. ಚುವಾಂಗ್‌ತ್ಸು ಪೂ ನದಿಯ ದಡದಲ್ಲಿ ಗಾಳ ಹಾಕಿಕೊಂಡು ಕೂತಿದ್ದ. ಚೂ ರಾಜ್ಯದ ದೊರೆ ಕಳಿಸಿದ ಇಬ್ಬರು ಅಧಿಕಾರಿಗಳು ಬಂದು, ರಾಜ್ಯದ ಆಡಳಿತ ನಿಮ್ಮ ಕೈಗೆ ಕೊಡಬೇಕಂತೆ ಅಂದರು. ಇವನು ಗಾಳದಿಂದ ಕೈ ತೆಗೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ‘ಚೂ ರಾಜ್ಯದಲ್ಲಿ ಒಂದು ದೇವರ ಆಮೆ ಇದೆಯಂತಲ್ಲ, ಸತ್ತು 3,000 ವರ್ಷ ಆಯಿತಂತೆ. ದೊರೆ ಅದನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಗುಡಿಯಲ್ಲಿ ಕಾಪಾಡಿದ್ದಾರಂತೆ. ಆ ಆಮೆಗೆ ಸತ್ತು ಮೂಳೆಯಾಗಿ ಪೂಜೆ ಮಾಡಿಸಿಕೊಳ್ಳುವುದು ಇಷ್ಟವಿತ್ತೋ, ಬದುಕಿದ್ದು ಕೆಸರಿನಲ್ಲಿ ಬಾಲ ಎಳೆದುಕೊಂಡು ಓಡಾಡುವುದು ಇಷ್ಟವಿತ್ತೋ?’ ಅಂತ ಕೇಳಿದ. ಕೆಸರಿನಲ್ಲಿ ಇರುವುದೇ ಅಂತ ಅವರಿಬ್ಬರೂ ಒಪ್ಪಿಕೊಂಡರು. ‘ಹಾಗಾದರೆ ಹೋಗಿ. ನಾನೂ ಕೆಸರಿನಲ್ಲಿ ಬಾಲ ಎಳೆದುಕೊಂಡು ಇರುತ್ತೇನೆ’ ಅಂದ.

ಈ ಕಥೆಗೆ ಬೆನ್ನಿಗೇ ಇನ್ನೊಂದು ಹೇಳಲೇಬೇಕು. ಇಲ್ಲದಿದ್ದರೆ ಬಡತನವೇ ಚೆಂದ ಅನ್ನುವ ಸುಳ್ಳು ಮಕ್ಕಳ ತಲೆಯಲ್ಲಿ ಕೂರುತ್ತದೆ. ಒಮ್ಮೆ ಚುವಾಂಗ್‌ತ್ಸುವಿನ ಮನೆಯಲ್ಲಿ ಕಾಳು ಮುಗಿದಿತ್ತು. ಸಾಲ ಕೇಳಲು ಒಬ್ಬ ಪಾಳೇಗಾರನ ಹತ್ತಿರ ಹೋದ. ‘ಆಗಲಿ, ನನ್ನ ಊರುಗಳ ಕಂದಾಯ ಬರಲಿ, 300 ಹೊನ್ನು ಕೊಡುತ್ತೇನೆ’ ಅಂದ ಆ ಮನುಷ್ಯ. ಚುವಾಂಗ್‌ತ್ಸುವಿಗೆ ಸಿಟ್ಟು ಬಂತು. ‘ಬರುವಾಗ ದಾರಿಯಲ್ಲಿ ಯಾರೋ ಕರೆದಂತಾಯಿತು. ನೋಡಿದರೆ ಗಾಡಿಯ ಜಾಡಿನಲ್ಲಿ ಒಂದು ಮೀನು. ಒಂದು ಬೊಗಸೆ ನೀರು ಹಾಕಿ ಬದುಕಿಸು ಅಂದಿತು. ಸರಿ, ನಾನು ದಕ್ಷಿಣಕ್ಕೆ ಹೋಗುತ್ತಿದ್ದೇನೆ, ಅಲ್ಲಿನ ದೊರೆಗಳಿಗೆ ಹೇಳಿ ದೊಡ್ಡ ನದಿಯನ್ನೇ ನಿನ್ನ ಕಡೆ ತಿರುಗಿಸುತ್ತೇನೆ ಅಂದೆ. ಮೀನು ಸಿಟ್ಟಾಗಿ, ಹಾಗಾದರೆ ಆಮೇಲೆ ನನ್ನನ್ನು ಒಣಮೀನಿನ ಅಂಗಡಿಯಲ್ಲಿ ಹುಡುಕು ಅಂದಿತು’ ಅಂತ ಕಥೆ ಕಟ್ಟಿ ಹೇಳಿದ.

ಸರಳವಾಗಿ ಬದುಕಬೇಕು ಅನ್ನುವ ಮಾತು ಈ ಎರಡು ಕಥೆಗಳ ನಡುವೆ ಇದೆ. ಅಧಿಕಾರ ಬೇಡ ಅಂದವನೇ ಕಾಳು ಬೇಕು ಅಂತ ಬಾಯಿಬಿಟ್ಟು ಕೇಳಿದ. ಬೇಡದ್ದು ಬೇಡ, ಬೇಕಾದ್ದು ಬೇಕು.

ಹೇಳುವ ರೀತಿ

ಒಂದೇ ಒಂದು ನಿಯಮ ಕಟ್ಟುನಿಟ್ಟಾಗಿ ಪಾಲಿಸಿ. ಕಥೆ ಮುಗಿದ ಮೇಲೆ ‘ಇದರ ನೀತಿ ಏನು’ ಅಂತ ಹೇಳಬೇಡಿ, ಕೇಳಲೂ ಬೇಡಿ. ನಮ್ಮ ಪಠ್ಯಪುಸ್ತಕದ ಕಥೆಗಳ ಕೊನೆಯಲ್ಲಿ ನೀತಿ ಅಂತ ಒಂದು ಸಾಲು ಇರುತ್ತದಲ್ಲ, ಅದು ನಮಗೆ ರಕ್ತಗತವಾಗಿಬಿಟ್ಟಿದೆ. ತಾವೋ ಕಥೆಗೆ ಆ ಸಾಲು ಸೇರಿಸಿದರೆ ಕಥೆ ಅಲ್ಲಿಗೇ ಸಾಯುತ್ತದೆ. ಪುಸ್ತಕ ಎಲ್ಲಿ ನಿಲ್ಲಿಸುತ್ತದೋ ಅಲ್ಲೇ ನಿಲ್ಲಿಸಿ.

ಅದರ ಬದಲು ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಉತ್ತರ ಬರದಿದ್ದರೂ ಪರವಾಗಿಲ್ಲ. ಆಮೇಲೆ ಆ ವಾರ ಮನೆಯಲ್ಲಿ ಏನಾದರೂ ಒಂದು ಚಿಕ್ಕ ಕೆಲಸ ಆ ಕಥೆಗೆ ಹೊಂದುವಂತೆ ಮಾಡಿ. ವಾರಕ್ಕೆ ಒಂದೇ ಕಥೆ. ಮಗು ಅದೇ ಕಥೆ ಮತ್ತೆ ಹೇಳು ಅಂದರೆ ಮತ್ತೆ ಅದನ್ನೇ ಹೇಳಿ.

ಮೊದಲ ಕಥೆ: ಕಡಲ ಹಕ್ಕಿಗಳ ಹುಡುಗ

ಆರೇಳು ವರ್ಷದವರಿಗೂ ಇದು ನಡೆಯುತ್ತದೆ. ಲಿಯೆತ್ಸುವಿನಲ್ಲಿ ಇದು ನಾಲ್ಕೈದು ಸಾಲಿನ ಕಥೆ. ಕಡಲ ತೀರದಲ್ಲಿ ಹಕ್ಕಿಗಳೆಂದರೆ ಪ್ರಾಣ ಅನ್ನುವ ಒಬ್ಬನಿದ್ದ. ದಿನಾ ಬೆಳಗ್ಗೆ ಕಡಲಿಗೆ ಹೋಗಿ ಅವುಗಳ ಜೊತೆ ಇರುತ್ತಿದ್ದ. ನೂರಾರು ಹಕ್ಕಿಗಳು ಬಂದು ಇವನ ಸುತ್ತ ಇಳಿಯುತ್ತಿದ್ದವು. ಒಂದು ದಿನ ಅಪ್ಪ, ‘ಹಕ್ಕಿಗಳೆಲ್ಲ ನಿನ್ನ ಜೊತೆ ಆಡುತ್ತವಂತೆ. ಒಂದೆರಡು ಹಿಡಿದು ತಾ, ನಾನೂ ಆಡುತ್ತೇನೆ’ ಅಂದ. ಮರುದಿನ ಹೋದರೆ ಹಕ್ಕಿಗಳು ಮೇಲೇ ಸುತ್ತು ಹೊಡೆದವು. ಒಂದೂ ಕೆಳಗೆ ಇಳಿಯಲಿಲ್ಲ.

ಇಲ್ಲಿ ಕೇಳಬೇಕಾದ ಪ್ರಶ್ನೆ: ‘ಹಕ್ಕಿಗೆ ಹೇಗೆ ಗೊತ್ತಾಯಿತು?’ ಮಕ್ಕಳು ಇದಕ್ಕೆ ಕೊಡುವ ಉತ್ತರಗಳು ಬಹಳ ಚೆನ್ನಾಗಿರುತ್ತವೆ. ಅವನ ನಡಿಗೆ ಬೇರೆ ಆಗಿತ್ತು ಅನ್ನುತ್ತಾರೆ. ಕೈ ಹಿಂದೆ ಇಟ್ಟುಕೊಂಡಿದ್ದ ಅನ್ನುತ್ತಾರೆ. ಒಬ್ಬಳು ಪುಟ್ಟಿ, ‘ಅವನು ಹಕ್ಕಿ ಎಣಿಸ್ತಾ ಇದ್ದ’ ಅಂದಿದ್ದಳು. ತಾವೋದಲ್ಲಿ ‘ವೂ ವೇಯ್’ ಅಂತ ಒಂದು ಮಾತಿದೆ, ಬಲವಂತ ಮಾಡದೆ ಇರುವುದು ಅಂತ ಅರ್ಥ. ಆ ಮಾತನ್ನು ಮಗುವಿಗೆ ಈಗ ಹೇಳಬೇಕಿಲ್ಲ. ಅದು ಏನು ಅಂತ ಮಗು ಆಗಲೇ ಹಿಡಿದಿರುತ್ತದೆ.

ಈ ವಾರದ ಕೆಲಸ: ಮಹಡಿಯ ಮೇಲೆ ಅಥವಾ ಹಿತ್ತಿಲಲ್ಲಿ ಒಂದು ತಟ್ಟೆ ನೀರಿಟ್ಟು ದೂರ ಕೂರುವುದು. ಫೋಟೋ ತೆಗೆಯುವಂತಿಲ್ಲ. ಮೊಬೈಲ್ ಒಳಗೇ ಇರಲಿ, ನಿಮ್ಮದೂ ಸೇರಿ. ಫೋಟೋ ಬೇಕು ಅನ್ನುವ ಆಸೆಯೇ ಹಕ್ಕಿ ಹಿಡಿಯುವ ಆಸೆಯ ತಮ್ಮ.

ಎರಡನೆಯದು: ಜೀರುಂಡೆ ಹಿಡಿಯುವ ಗೂನು ಬೆನ್ನಿನವನು

ವೂ ವೇಯ್ ಅಂದರೆ ಸೋಮಾರಿತನ ಅಂತ ತಿಳಿದವರು ಬಹಳ. ದೊಡ್ಡವರೂ ಹಾಗೇ ಅಂದುಕೊಂಡಿರುತ್ತಾರೆ. ಈ ತಪ್ಪು ತಿಳಿವಳಿಕೆ ಹೋಗಲು ಎರಡನೇ ವಾರವೇ ಕೆಲಸದ ಕಥೆ ಹೇಳಿ.

ಚುವಾಂಗ್‌ತ್ಸುವಿನಲ್ಲಿ ಪ್ರಸಿದ್ಧವಾದದ್ದು ಅಡುಗೆಯವನು ತಿಂಗ್‌ನ ಕಥೆ. ಅವನು ವೆನ್‌ಹುಯಿ ಅನ್ನುವ ಒಡೆಯನ ಮುಂದೆ ಎತ್ತನ್ನು ಕತ್ತರಿಸುತ್ತಾನೆ. ಕತ್ತಿಯ ಸದ್ದು ತಾಳಕ್ಕೆ ತಕ್ಕಂತೆ ಇರುತ್ತದೆ. ಮೊದಮೊದಲು ಕಣ್ಣಿಗೆ ಇಡೀ ಎತ್ತೇ ಕಾಣುತ್ತಿತ್ತು, ಮೂರು ವರ್ಷದ ಮೇಲೆ ಹಾಗೆ ಕಾಣಲಿಲ್ಲ, ಕೀಲುಗಳ ನಡುವಿನ ಸಂದು ತಿಳಿಯುತ್ತಾ ಹೋಯಿತು ಅನ್ನುತ್ತಾನೆ. ಸಾಧಾರಣ ಅಡುಗೆಯವರು ತಿಂಗಳಿಗೊಂದು ಕತ್ತಿ ಬದಲಿಸುತ್ತಾರೆ. ಒಳ್ಳೆಯವರು ವರ್ಷಕ್ಕೊಂದು. ಇವನ ಕತ್ತಿಗೆ 19 ವರ್ಷ, ಸಾವಿರಾರು ಎತ್ತು ಕತ್ತರಿಸಿದೆ, ಇನ್ನೂ ಈಗಷ್ಟೇ ಸಾಣೆ ಹಿಡಿದಂತಿದೆ. ಜನ ಮರೆಯುವ ಸಾಲು ಇದರ ನಂತರ ಬರುತ್ತದೆ. ಗಂಟು ಬಿದ್ದ ಕಡೆ ಬಂದಾಗ ಅವನು ಹುಷಾರಾಗುತ್ತಾನೆ, ಕೈ ನಿಧಾನ ಮಾಡುತ್ತಾನೆ, ಕತ್ತಿಯನ್ನು ಬಹಳ ಮೆಲ್ಲಗೆ ಆಡಿಸುತ್ತಾನೆ. ಬಲವಂತ ಮಾಡದವನಿಗೂ ಕಷ್ಟದ ಜಾಗ ಇದ್ದೇ ಇರುತ್ತದೆ.

ಎತ್ತು ಕಡಿಯುವ ಕಥೆ ಅಂತ ನಮ್ಮಲ್ಲಿ ಹಲವು ಮನೆಗಳಲ್ಲಿ ಹೇಳಲು ಮನಸ್ಸಾಗುವುದಿಲ್ಲ. ಅಂಥ ಕಡೆ ಎತ್ತಿನ ಜಾಗದಲ್ಲಿ ಕುಂಬಳಕಾಯಿ ಇಟ್ಟು ಹೇಳಬೇಡಿ. ಕುಂಬಳಕಾಯಿಗೆ ಕೀಲಿಲ್ಲ, ಕಥೆ ನಿಲ್ಲುವುದಿಲ್ಲ. ಬದಲಿಗೆ ಅದೇ ಪುಸ್ತಕದ 19ನೇ ಅಧ್ಯಾಯದ ಜೀರುಂಡೆ ಕಥೆ ಹೇಳಿ. ಚಿಕ್ಕ ಮಕ್ಕಳಿಗೆ ಅದೇ ಹೆಚ್ಚು ಇಷ್ಟ.

ಚೀನಾದ ಹಳೆಯ ಗುರು ಕನ್‌ಫ್ಯೂಷಿಯಸ್ ಶಿಷ್ಯರ ಜೊತೆ ಚೂ ರಾಜ್ಯಕ್ಕೆ ಹೋಗುತ್ತಿದ್ದಾಗ ಕಾಡಿನಲ್ಲಿ ಒಬ್ಬ ಗೂನು ಬೆನ್ನಿನ ಮನುಷ್ಯ ಸಿಕ್ಕ. ಅಂಟು ಹಚ್ಚಿದ ಕೋಲಿನ ತುದಿಯಿಂದ ಜೀರುಂಡೆ ಹಿಡಿಯುತ್ತಿದ್ದ, ನೆಲದ ಮೇಲಿದ್ದದ್ದನ್ನು ಹೆಕ್ಕುವಷ್ಟು ಸಲೀಸಾಗಿ. ಹೇಗಪ್ಪಾ ಅಂತ ಕೇಳಿದರೆ, ‘ಐದಾರು ತಿಂಗಳು ಕೋಲಿನ ತುದಿಯಲ್ಲಿ ಗುಂಡು ಇಟ್ಟು ಅಭ್ಯಾಸ ಮಾಡಿದೆ. ಎರಡು ಗುಂಡು ಬೀಳದೆ ನಿಂತಾಗ ಕೆಲವು ಜೀರುಂಡೆ ಮಾತ್ರ ತಪ್ಪಿದವು. ಮೂರು ನಿಂತಾಗ ಹತ್ತರಲ್ಲಿ ಒಂದು ತಪ್ಪಿತು. ಐದು ನಿಂತ ಮೇಲೆ ಹೀಗೆ. ನನ್ನ ಮೈ ಮರದ ಬೊಡ್ಡೆಯಂತೆ ಇರುತ್ತದೆ, ತೋಳು ಒಣ ಕೊಂಬೆಯಂತೆ. ಲೋಕ ಎಷ್ಟೇ ದೊಡ್ಡದಿರಲಿ, ನನಗೆ ಗೊತ್ತಿರುವುದು ಜೀರುಂಡೆಯ ರೆಕ್ಕೆ ಒಂದೇ’ ಅಂದ.

ಇದಕ್ಕೆ ಕೆಲಸ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಬಾಯಲ್ಲಿ ಚಮಚ, ಚಮಚದಲ್ಲಿ ನಿಂಬೆಹಣ್ಣು. ಎರಡು ಸಲ ಆಡಿಸಿ. ಮೊದಲ ಸಲ ಗೆಲುವು ಸೋಲು ಏನೂ ಇಲ್ಲ, ಸುಮ್ನೆ ಆ ಗೋಡೆಯವರೆಗೆ ಹೋಗಿ ಬರಬೇಕು. ಎರಡನೇ ಸಲ ಗೆದ್ದವರಿಗೆ ದೊಡ್ಡ ಚಾಕಲೇಟ್ ಅಂತ ಹೇಳಿ, ಅದನ್ನು ಎಲ್ಲರಿಗೂ ಕಾಣುವಂತೆ ಕಟ್ಟೆಯ ಮೇಲೆ ಇಡಿ. ನಮ್ಮ ಹಿತ್ತಿಲಲ್ಲಿ ಆಡಿಸಿದಾಗ ಮೊದಲ ಸಲ ಹಣ್ಣು ಬೀಳಿಸದೆ ಬಂದ ಹುಡುಗ, ಎರಡನೇ ಸಲ ಎರಡು ಹೆಜ್ಜೆಗೆ ಬೀಳಿಸಿದ. ಅವನ ಕಣ್ಣು ಹಣ್ಣಿನ ಮೇಲೆ ಇರಲೇ ಇಲ್ಲ. ಕುತ್ತಿಗೆ ಬಿಗಿಯಾಗಿತ್ತು, ಚಮಚವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಚಾಕಲೇಟನ್ನು ಕೊನೆಗೆ ಎಲ್ಲರಿಗೂ ಹಂಚಿದೆವು. ಆಮೇಲೆ ಅದೇ 19ನೇ ಅಧ್ಯಾಯದ ಇನ್ನೊಂದು ಮಾತು ಹೇಳಿದೆ: ಹೆಂಚಿನ ಚೂರು ಪಣ ಇಟ್ಟಾಗ ಕೈ ಚುರುಕಾಗಿರುತ್ತದೆ. ಸೊಂಟಪಟ್ಟಿಯ ಕೊಕ್ಕೆ ಪಣ ಇಟ್ಟಾಗ ಅಳುಕು ಶುರುವಾಗುತ್ತದೆ. ಚಿನ್ನ ಪಣ ಇಟ್ಟಾಗ ತಲೆಯೇ ಓಡುವುದಿಲ್ಲ. ಆ ಹುಡುಗ ಬಾಯಿ ಬಿಟ್ಟು ಕೇಳುತ್ತಿದ್ದ. ಪರೀಕ್ಷೆಯ ಹಿಂದಿನ ದಿನ ಹೆದರುವ ಮಕ್ಕಳಿಗೆ ಇದಕ್ಕಿಂತ ಉಪಯೋಗದ ಮಾತು ನನಗೆ ಸಿಕ್ಕಿಲ್ಲ.

ಮೂರನೆಯದು: ಗಡಿಯ ಮುದುಕನ ಕುದುರೆ

ಹುವಾಯ್‌ನಾನ್‌ತ್ಸುವಿನ ಕಥೆ ಇದೇ. ಇದು ಎಲ್ಲರೂ ಹೇಳುವ ಕಥೆ, ಎಲ್ಲರೂ ಸ್ವಲ್ಪ ತಪ್ಪಾಗಿ ಹೇಳುವ ಕಥೆ. ಗಡಿಯ ಹತ್ತಿರ ಇದ್ದ ಒಂದು ಮನೆಯ ಕುದುರೆ ತಪ್ಪಿಸಿಕೊಂಡು ಆಚೆಯ ಅಲೆಮಾರಿಗಳ ಸೀಮೆಗೆ ಹೋಯಿತು. ಊರವರು ಅಯ್ಯೋ ಪಾಪ ಅಂದರು. ‘ಇದು ಒಳ್ಳೆಯದೇ ಆಗಬಾರದೇಕೆ?’ ಅಂದ ಮುದುಕ. ಕೆಲವು ತಿಂಗಳಾದ ಮೇಲೆ ಅದು ಒಳ್ಳೆಯ ಜಾತಿಯ ಕುದುರೆಯ ಜೊತೆ ವಾಪಸು ಬಂತು. ಊರವರು ಖುಷಿಪಟ್ಟರು. ‘ಇದು ಕೆಟ್ಟದ್ದಾಗಬಾರದೇಕೆ?’ ಅಂದ. ಮಗ ಕುದುರೆ ಹತ್ತಿ ಬಿದ್ದು ಕಾಲು ಮುರಿದುಕೊಂಡ. ಮತ್ತೆ ಅದೇ ಮಾತು. ಒಂದು ವರ್ಷದ ಮೇಲೆ ಗಡಿಯಲ್ಲಿ ಯುದ್ಧವಾಯಿತು. ಗಟ್ಟಿಮುಟ್ಟಾದ ಹುಡುಗರೆಲ್ಲ ಬಿಲ್ಲು ಹಿಡಿದು ಹೋದರು. ಗಡಿಯ ಜನರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸತ್ತರು. ಕುಂಟನಾದ ಕಾರಣ ಮಗ ಉಳಿದ.

ಹೇಳುವಾಗ ಪ್ರತಿ ತಿರುವಿನಲ್ಲೂ ನಿಲ್ಲಿಸಿ, ‘ಈಗ ಒಳ್ಳೇದಾಯಿತಾ, ಕೆಟ್ಟದ್ದಾಯಿತಾ?’ ಅಂತ ಕೇಳಿ. ಮೂರನೇ ತಿರುವಿಗೆ ಮಕ್ಕಳು ಉತ್ತರ ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಆ ಹಿಂಜರಿಕೆ ಬರಲಿ ಅಂತಲೇ ಕಥೆ ಇರುವುದು.

ನಮ್ಮಲ್ಲಿ ‘ಆಗೋದೆಲ್ಲ ಒಳ್ಳೇದಕ್ಕೆ’ ಅನ್ನುತ್ತೇವೆ. ಮುದುಕ ಹಾಗೆ ಹೇಳಲೇ ಇಲ್ಲ. ಒಳ್ಳೆಯದು ಬಂದಾಗಲೂ ಅವನು ಅದೇ ಅನುಮಾನ ಇಟ್ಟುಕೊಂಡಿದ್ದ. ಎರಡೂ ಕಡೆ ಅವಸರದ ತೀರ್ಪು ಬೇಡ ಅನ್ನುವವನು ಅವನು. ಮತ್ತೆ, ಕಥೆಯ ಕೊನೆಯಲ್ಲಿ ಅವನ ಮಗ ಉಳಿದರೂ ಊರಿನ ಹುಡುಗರು ಸತ್ತರು. ಆ ಸಾಲನ್ನು ಮೆಲ್ಲಗೆ ಬಿಟ್ಟುಬಿಡಬೇಡಿ. ಅದು ಬಿಟ್ಟರೆ ಇದು ಅದೃಷ್ಟದ ಕಥೆಯಾಗುತ್ತದೆ.

ಇನ್ನೊಂದು ಎಚ್ಚರಿಕೆ. ಅಳುತ್ತಿರುವ ಮಗುವನ್ನು ಸಮಾಧಾನ ಮಾಡಲು ಈ ಕಥೆ ಬಳಸಬೇಡಿ. ಸೈಕಲ್ ಕಳೆದುಕೊಂಡು ಬಂದ ಹುಡುಗನಿಗೆ ಮೊದಲು ಬೇಕಾದದ್ದು ಪಕ್ಕದಲ್ಲಿ ಕೂರುವವರು. ಕಥೆ ಸುಖದ ದಿನ ಹೇಳಿ. ಬೇಕಾದ ದಿನ ಅದು ತಾನೇ ನೆನಪಾಗುತ್ತದೆ.

ನಾಲ್ಕನೆಯದು ದೊಡ್ಡವರಿಗೆ

ಈ ಕಥೆಯನ್ನು ಮಕ್ಕಳ ಮುಂದೆ ಹೇಳಿ, ಆದರೆ ನಿಮಗೇ ಹೇಳಿಕೊಳ್ಳಿ. ಲೂ ರಾಜ್ಯದ ರಾಜಧಾನಿಯ ಹೊರಗೆ ಒಂದು ಕಡಲ ಹಕ್ಕಿ ಬಂದು ಇಳಿಯಿತು. ಅಲ್ಲಿನ ಒಡೆಯನಿಗೆ ಅದರ ಮೇಲೆ ಬಹಳ ಪ್ರೀತಿ. ಗುಡಿಗೆ ಕರೆತಂದು ಮದ್ಯ ಕುಡಿಯಲು ಕೊಟ್ಟ, ಅರಮನೆಯ ಅತಿ ದೊಡ್ಡ ಸಂಗೀತ ನುಡಿಸಿದ, ಹಬ್ಬದ ಮಾಂಸದೂಟ ಮಾಡಿಸಿದ. ಹಕ್ಕಿ ಕಣ್ಣು ಕಣ್ಣು ಬಿಟ್ಟಿತು. ಒಂದು ತುಂಡು ಮಾಂಸ ತಿನ್ನಲಿಲ್ಲ, ಒಂದು ಗುಟುಕು ಕುಡಿಯಲಿಲ್ಲ. ಮೂರು ದಿನಕ್ಕೆ ಸತ್ತಿತು. ತನ್ನನ್ನು ಸಾಕಿಕೊಳ್ಳುವ ರೀತಿಯಲ್ಲಿ ಹಕ್ಕಿಯನ್ನು ಸಾಕಿದ, ಹಕ್ಕಿಯನ್ನು ಸಾಕುವ ರೀತಿಯಲ್ಲಿ ಸಾಕಲಿಲ್ಲ ಅನ್ನುತ್ತದೆ ಪುಸ್ತಕ.

ಒಡೆಯ ಕೆಟ್ಟವನಲ್ಲ ನೋಡಿ. ತನಗೆ ಗೊತ್ತಿದ್ದ ಅತ್ಯುತ್ತಮವಾದದ್ದನ್ನೇ ಕೊಟ್ಟ. ನಾವೂ ಅದನ್ನೇ ಮಾಡುತ್ತೇವೆ. ಸಂಗೀತ ಕ್ಲಾಸು, ಕರಾಟೆ, ಅಬ್ಯಾಕಸ್, ಟ್ಯೂಷನ್. ಪ್ರತಿಯೊಂದೂ ಒಳ್ಳೆಯದೇ. ನಮಗೆ ಸಿಗದಿದ್ದದ್ದು ಅವರಿಗೆ ಸಿಗಲಿ ಅನ್ನುವ ಆಸೆಯೂ ಒಳ್ಳೆಯದೇ. ನನಗೆ ಈ ಕಥೆ ಓದಿದಾಗಲೆಲ್ಲ ಸಂಕಟವಾಗುತ್ತದೆ. ಯಾಕೆಂದರೆ ಇಲ್ಲಿ ಹಕ್ಕಿಯನ್ನು ಕೊಂದದ್ದು ಪ್ರೀತಿ.

ಇದೇ ಮಾತನ್ನು ಇನ್ನೂ ಚಿಕ್ಕದಾಗಿ ಹೇಳುವ ಕಥೆ ಚುವಾಂಗ್‌ತ್ಸುವಿನ 7ನೇ ಅಧ್ಯಾಯದ ಕೊನೆಯಲ್ಲಿದೆ. ಹುನ್‌ತುನ್ ಅನ್ನುವ ದೊರೆಗೆ ಕಣ್ಣು, ಕಿವಿ, ಮೂಗು, ಬಾಯಿ ಇರಲಿಲ್ಲ. ಅವನಿಂದ ಉಪಕಾರ ಪಡೆದ ಇಬ್ಬರು ಗೆಳೆಯರು ಋಣ ತೀರಿಸಲು ದಿನಕ್ಕೊಂದರಂತೆ ತೂತು ಕೊರೆದರು. ಏಳನೇ ದಿನ ಅವನು ಸತ್ತ.

ಕೆಲಸ: ವಾರದಲ್ಲಿ ಒಂದು ಮಧ್ಯಾಹ್ನ ಮಗುವಿಗೆ ಏನೂ ಗೊತ್ತುಮಾಡದೆ ಬಿಡಿ. ಕ್ಲಾಸಿಲ್ಲ, ಟಿವಿ ಇಲ್ಲ, ‘ಏನಾದ್ರೂ ಮಾಡು’ ಅನ್ನುವುದೂ ಇಲ್ಲ. ಮೊದಲು ಬೇಜಾರು ಅನ್ನುತ್ತದೆ. ನೀವು ಎದ್ದು ಹೋಗಿ ಸಹಾಯ ಮಾಡಬೇಡಿ. ಸ್ವಲ್ಪ ಹೊತ್ತಿಗೆ ಯಾವುದಾದರೂ ಡಬ್ಬಿ, ಹಗ್ಗ, ಕಲ್ಲು ಕೈಗೆ ಬರುತ್ತದೆ.

ಐದನೆಯದು: ಮರ ಮತ್ತು ಬಾತುಕೋಳಿ

ಹತ್ತು ಹನ್ನೆರಡು ದಾಟಿದವರಿಗೆ ಇದು. ಉಪಯೋಗಕ್ಕೆ ಬಾರದ ಮರದ ಕಥೆಗಳು ಚುವಾಂಗ್‌ತ್ಸುವಿನಲ್ಲಿ ಹಲವಿವೆ. 20ನೇ ಅಧ್ಯಾಯದ್ದನ್ನು ಆರಿಸಿಕೊಳ್ಳಿ. ಬೆಟ್ಟದಲ್ಲಿ ದೊಡ್ಡ ಮರ, ಮರ ಕಡಿಯುವವನು ಪಕ್ಕದಲ್ಲೇ ನಿಂತರೂ ಕಡಿಯುತ್ತಿಲ್ಲ. ಯಾಕೆ ಅಂದರೆ ಯಾವುದಕ್ಕೂ ಬರುವುದಿಲ್ಲ ಅನ್ನುತ್ತಾನೆ. ‘ಕೆಲಸಕ್ಕೆ ಬಾರದ್ದಕ್ಕೆ ಈ ಮರ ತನ್ನ ಆಯಸ್ಸು ಪೂರ್ತಿ ಬದುಕುತ್ತದೆ’ ಅಂದ ಚುವಾಂಗ್‌ತ್ಸು. ಆ ರಾತ್ರಿ ಗೆಳೆಯನ ಮನೆಗೆ ಹೋದ. ಗೆಳೆಯ ಖುಷಿಯಿಂದ ಬಾತುಕೋಳಿ ಅಡುಗೆ ಮಾಡಲು ಹೇಳಿದ. ‘ಒಂದು ಕೂಗುತ್ತದೆ, ಒಂದು ಕೂಗುವುದಿಲ್ಲ. ಯಾವುದನ್ನು ಕೊಲ್ಲಲಿ?’ ಅಂತ ಆಳು ಕೇಳಿದ. ‘ಕೂಗದೇ ಇರುವುದನ್ನು’ ಅಂದ ಯಜಮಾನ.

ಮರುದಿನ ಶಿಷ್ಯ ಸರಿಯಾದ ಜಾಗಕ್ಕೇ ಕೈ ಹಾಕಿದ. ನಿನ್ನೆ ಮರ ಕೆಲಸಕ್ಕೆ ಬಾರದ್ದಕ್ಕೆ ಉಳಿಯಿತು, ಬಾತುಕೋಳಿ ಕೆಲಸಕ್ಕೆ ಬಾರದ್ದಕ್ಕೆ ಸತ್ತಿತು, ನೀವು ಎಲ್ಲಿ ನಿಲ್ಲುತ್ತೀರಿ ಗುರುಗಳೇ? ಚುವಾಂಗ್‌ತ್ಸು ನಕ್ಕ. ಎರಡರ ನಡುವೆ ನಿಲ್ಲುತ್ತೇನೆ ಅನ್ನಬಹುದು, ಆದರೆ ಅದೂ ಪೂರ್ತಿ ಸರಿಯಲ್ಲ, ತೊಂದರೆ ತಪ್ಪುವುದಿಲ್ಲ ಅಂತ ಹೇಳಿ ಮಾತು ಮುಂದುವರಿಸಿದ.

ಮರದ ಕಥೆ ಮಾತ್ರ ಹೇಳಿ ಮುಗಿಸುವವರೇ ಜಾಸ್ತಿ. ಬಾತುಕೋಳಿ ಇಲ್ಲದೆ ಆ ಕಥೆ ಹೇಳುವುದು ನನಗೆ ಸರಿ ಅನ್ನಿಸುವುದಿಲ್ಲ. ಕೆಲಸಕ್ಕೆ ಬರಬೇಕು ಅನ್ನುವುದೂ ಹಟ, ಬರಲೇಬಾರದು ಅನ್ನುವುದೂ ಹಟ. ಮಾರ್ಕ್ಸು, ರ‍್ಯಾಂಕು ಅಂತ ಕೇಳಿ ಕೇಳಿ ಸಾಕಾದ ಮಕ್ಕಳು ಈ ಜೋಡಿ ಕಥೆಯ ಮೇಲೆ ಎಷ್ಟು ಹೊತ್ತು ಬೇಕಾದರೂ ವಾದ ಮಾಡುತ್ತಾರೆ. ಮಾಡಲಿ.

ಆರನೆಯದು: ಏತ ಬೇಡ ಅಂದ ಮುದುಕ

ಕನ್‌ಫ್ಯೂಷಿಯಸ್‌ನ ಶಿಷ್ಯ ತ್ಸುಕುಂಗ್ ದಾರಿಯಲ್ಲಿ ಒಬ್ಬ ಮುದುಕನನ್ನು ಕಂಡ. ಅವನು ಬಾವಿಯೊಳಕ್ಕೆ ಇಳಿಯುತ್ತಿದ್ದ, ಕೊಡ ಅಪ್ಪಿಕೊಂಡು ಮೇಲೆ ಬರುತ್ತಿದ್ದ, ಗಿಡಗಳಿಗೆ ಹಾಕುತ್ತಿದ್ದ. ತ್ಸುಕುಂಗ್ ಅವನಿಗೆ ಒಂದು ಯಂತ್ರದ ಬಗ್ಗೆ ಹೇಳಿದ. ಮರದ್ದು, ಹಿಂದೆ ಭಾರ, ಮುಂದೆ ಹಗುರ, ದಿನಕ್ಕೆ ನೂರು ಮಡಿಗೆ ನೀರು. ಅದು ನಮ್ಮ ಹಳ್ಳಿಗಳಲ್ಲಿ ಇದ್ದ ಏತವೇ. ಏತ ನೋಡಿದ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಕಥೆಯ ನಡುವೆ ಅವರನ್ನು ಕರೆದು, ಅದು ಹೇಗೆ ಕೆಲಸ ಮಾಡುತ್ತಿತ್ತು ಅಂತ ಹೇಳಿಸಿ.

ಮುದುಕನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಕ್ಕ. ‘ಯಂತ್ರ ಇದ್ದಲ್ಲಿ ಯಂತ್ರದ ವ್ಯವಹಾರ ಬರುತ್ತದೆ, ಯಂತ್ರದ ವ್ಯವಹಾರ ಇದ್ದಲ್ಲಿ ಯಂತ್ರದ ಮನಸ್ಸು ಬರುತ್ತದೆ ಅಂತ ನನ್ನ ಗುರುಗಳಿಂದ ಕೇಳಿದ್ದೇನೆ. ನಿನ್ನ ಏತ ನನಗೆ ಗೊತ್ತಿಲ್ಲ ಅಂತಲ್ಲ. ಬಳಸಲು ನಾಚಿಕೆ’ ಅಂದ.

ಇಲ್ಲಿ ‘ಅದಕ್ಕೇ ಮೊಬೈಲ್ ಮುಟ್ಟಬೇಡ’ ಅಂತ ಸೇರಿಸುವ ಆಸೆ ತಡೆದುಕೊಳ್ಳಿ. ಪುಸ್ತಕವೇ ಆ ಮುದುಕನನ್ನು ಪೂರ್ತಿ ಒಪ್ಪುವುದಿಲ್ಲ. ತ್ಸುಕುಂಗ್ ಊರಿಗೆ ಹೋಗಿ ಹೇಳಿದಾಗ, ಅವನಿಗೆ ಒಂದು ಗೊತ್ತು, ಎರಡು ಗೊತ್ತಿಲ್ಲ ಅನ್ನುತ್ತಾನೆ ಕನ್‌ಫ್ಯೂಷಿಯಸ್. ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ: ಒಂದು ದಿನ ಒಂದು ಕೆಲಸ ಕೈಯಲ್ಲೇ ಮಾಡಿ. ಮಿಕ್ಸಿ ಬಿಟ್ಟು ಒರಳಿನಲ್ಲಿ ಚಟ್ನಿ ರುಬ್ಬಬಹುದು. ಆಮೇಲೆ ಮಕ್ಕಳನ್ನೇ ಕೇಳಿ, ಯಾವ ಕೆಲಸಕ್ಕೆ ಯಂತ್ರ ಬೇಕು, ಯಾವುದಕ್ಕೆ ಬೇಡ ಅಂತ. ಬಟ್ಟೆ ಒಗೆಯುವ ಯಂತ್ರ ಇರಲಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ.

ಮಗು ಸಾವಿನ ಬಗ್ಗೆ ಕೇಳಿದರೆ

ಇದನ್ನು ನೀವಾಗಿ ಎತ್ತಬೇಡಿ. ಕೇಳಿದಾಗ ಹೇಳಿ. ಚುವಾಂಗ್‌ತ್ಸುವಿನ ಹೆಂಡತಿ ತೀರಿಕೊಂಡಾಗ ಗೆಳೆಯ ಹುಯಿತ್ಸು ಮಾತಾಡಿಸಲು ಬಂದ. ಇವನು ಕಾಲು ಚಾಚಿ ಕೂತು, ಬೋಗುಣಿ ಬಡಿಯುತ್ತಾ ಹಾಡುತ್ತಿದ್ದ. ಗೆಳೆಯನಿಗೆ ಬೇಸರವಾಯಿತು. ಅವಳು ನಿನ್ನ ಜೊತೆ ಬಾಳಿದಳು, ಮಕ್ಕಳನ್ನು ಬೆಳೆಸಿದಳು, ಅಳದಿದ್ದರೂ ಆಯಿತು, ಹಾಡುವುದು ಹೆಚ್ಚಾಯಿತು ಅಂದ. ‘ಅವಳು ಹೋದಾಗ ನನಗೆ ಮಾತ್ರ ದುಃಖ ಆಗಲಿಲ್ಲವೇ?’ ಅಂತ ಚುವಾಂಗ್‌ತ್ಸು ಶುರು ಮಾಡುತ್ತಾನೆ. ಆಮೇಲೆ ಹುಟ್ಟುವ ಮೊದಲು ಏನಿತ್ತು ಅಂತ ಯೋಚಿಸಿದೆ, ಉಸಿರು ಬಂತು, ರೂಪ ಬಂತು, ಜೀವ ಬಂತು, ಈಗ ಸಾವು ಬಂತು, ನಾಲ್ಕು ಋತುಗಳು ಒಂದರ ಹಿಂದೆ ಒಂದು ಬರುವ ಹಾಗೆ, ಅನ್ನುತ್ತಾನೆ.

ಆ ಮೊದಲ ವಾಕ್ಯ ಹೇಳದೆ ಈ ಕಥೆ ಹೇಳಲೇಬಾರದು. ಅಜ್ಜನನ್ನು ಕಳೆದುಕೊಂಡ ಮಗುವಿಗೆ, ದುಃಖಪಟ್ಟವನೇ ಆಮೇಲೆ ಹಾಡಿದ ಅಂತ ಗೊತ್ತಾಗಬೇಕು.

ಆಮೇಲೆ ಲಾವೋತ್ಸು

ಇಷ್ಟು ಕಥೆಗಳಾದ ಮೇಲೆ ‘ದಾವ್ ದ ಜಿಂಗ್’ ತೆಗೆಯಿರಿ. ಯು.ಆರ್. ಅನಂತಮೂರ್ತಿಯವರು ಇದನ್ನು ಕನ್ನಡಕ್ಕೆ ತಂದಿದ್ದಾರೆ. ಹುಡುಕಿ ಇಟ್ಟುಕೊಳ್ಳಿ. ಕ್ರಮವಾಗಿ ಓದಬೇಕಿಲ್ಲ. 1973ರಲ್ಲಿ ಮಾವಾಂಗ್‌ತುಯಿ ಅನ್ನುವ ಕಡೆ ಕ್ರಿ.ಪೂ. 168ರ ಗೋರಿಯಲ್ಲಿ ರೇಷ್ಮೆಯ ಮೇಲೆ ಬರೆದ ಎರಡು ಪ್ರತಿಗಳು ಸಿಕ್ಕವು. ಅವುಗಳಲ್ಲಿ ಪುಸ್ತಕದ ಎರಡನೇ ಭಾಗವೇ ಮೊದಲು ಇದೆ. ಹಾಗಾಗಿ ಕ್ರಮ ಬದಲಿಸಿದರೆ ಅಪಚಾರವೇನಿಲ್ಲ.

ಮಕ್ಕಳ ಜೊತೆ ಮೊದಲು 11ನೇ ಅಧ್ಯಾಯ. ಗಾಡಿಚಕ್ರದ ಮೂವತ್ತು ಅರೆಕಾಲುಗಳು ನಡುವಿನ ಒಂದು ಗುಂಬಕ್ಕೆ ಸೇರುತ್ತವೆ, ನಡುವಿನ ಖಾಲಿ ಜಾಗದಿಂದ ಗಾಡಿ ಓಡುತ್ತದೆ. ಜೇಡಿಮಣ್ಣಿನಿಂದ ಮಡಕೆ ಮಾಡುತ್ತೇವೆ, ಒಳಗಿನ ಖಾ‌ಲಿಯಿಂದ ಅದು ಕೆಲಸಕ್ಕೆ ಬರುತ್ತದೆ. ಓದುವಾಗ ಒಂದು ಮಡಕೆ ಕೈಗೆ ಕೊಡಿ, ಒಳಗೆ ಕೈ ಹಾಕಿ ನೋಡಲಿ. ಇದರ ಜೊತೆ 48ನೇ ಅಧ್ಯಾಯ: ಕಲಿಕೆಯಲ್ಲಿ ದಿನಾ ಕೂಡಿಸುತ್ತಾ ಹೋಗುವುದು, ದಾರಿಯಲ್ಲಿ ದಿನಾ ಕಳೆಯುತ್ತಾ ಹೋಗುವುದು. ಅದಕ್ಕೆ ಕೆಲಸ, ಮನೆಯ ಒಂದೇ ಒಂದು ಶೆಲ್ಫ್ ಖಾಲಿ ಮಾಡಿ ಒಂದು ತಿಂಗಳು ಹಾಗೇ ಬಿಡುವುದು. ಏನೂ ಇಡಬಾರದು. ಇಡದೆ ಇರುವುದು ಎಷ್ಟು ಕಷ್ಟ ಅಂತ ಮನೆಯವರಿಗೆಲ್ಲ ಗೊತ್ತಾಗುತ್ತದೆ. ನೀರಿನ ಬಗ್ಗೆ 8 ಮತ್ತು 78, ಮೆತ್ತಗಿನ ಚಿಗುರಿನ ಬಗ್ಗೆ 76 ಓದಿ. 55ರಲ್ಲಿ ಹಸುಗೂಸು ಇದೆ. ಮೂಳೆ ಮೆತ್ತಗೆ, ಮುಷ್ಟಿ ಮಾತ್ರ ಬಿಗಿ, ದಿನವಿಡೀ ಅತ್ತರೂ ಗಂಟಲು ಕಟ್ಟುವುದಿಲ್ಲ. ಮನೆಯಲ್ಲಿ ಪಾಪು ಇದ್ದರೆ ಮಕ್ಕಳು ಓಡಿ ಹೋಗಿ ಮುಷ್ಟಿ ಬಿಡಿಸಿ ನೋಡುತ್ತಾರೆ.

60ನೇ ಅಧ್ಯಾಯ ಅಡುಗೆಮನೆಯಲ್ಲಿ ಓದಬೇಕು. ದೊಡ್ಡ ರಾಜ್ಯ ಆಳುವುದು ಸಣ್ಣ ಮೀನು ಬೇಯಿಸಿದ ಹಾಗೆ ಅನ್ನುತ್ತಾನೆ ಲಾವೋತ್ಸು. ಮೀನು ತಿನ್ನುವ ಮನೆಯಾದರೆ ಕಾವಲಿಯ ಮೇಲೆ ನಾಲ್ಕು ಸಣ್ಣ ಮೀನು ಹಾಕಿ, ಎರಡನ್ನು ಮಗು ಇಷ್ಟಬಂದಷ್ಟು ಸಲ ಮಗುಚಲಿ, ಎರಡನ್ನು ಒಂದೇ ಸಲ. ಮೀನು ಮಾಡದವರು ದೋಸೆಯಲ್ಲಿ ನೋಡಬಹುದು, ಬೇಯುವ ಮೊದಲೇ ಎಬ್ಬಿಸಲು ಹೋದರೆ ಹರಿಯುತ್ತದೆ. ಹೈಸ್ಕೂಲಿನ ಮಕ್ಕಳಿದ್ದರೆ ಅವರಲ್ಲಿ ಒಬ್ಬರಾದರೂ ಕ್ಲಾಸ್ ಲೀಡರ್ ಆಗಿರುತ್ತಾರೆ. ಆ ಸಾಲು ಯಾಕೆ ಬರೆದಿರಬಹುದು ಅಂತ ಮೊದಲು ಅವರನ್ನೇ ಕೇಳಿ.